ಬಂದೂಕಿನ ಗುರಿ ಕೂಡಿಸುವುದು



ಜಾತ್ರೆಯಲ್ಲಿ ಬಲೂನು ಹೊಡೆಯುವ ಅಂಗಡಿಯ ಮುಂದೆ ನಿಂತು ನಗೆಗೀಡಾದವರು ನಮ್ಮಲ್ಲಿ ಬಹಳ ಮಂದಿ. ಕೆಂಪು ಬಲೂನಿಗೆ ಗುರಿಯಿಟ್ಟರೆ ಪಕ್ಕದ ಹಳದಿಯದು ಒಡೆಯುತ್ತದೆ. ಗುರಿಗೆ ತೆಲುಗಿನಲ್ಲೂ ಗುರಿ ಎಂದೇ ಹೆಸರು, ಮಲೆಯಾಳದಲ್ಲಿ ಉನ್ನಂ, ಮರಾಠಿಯಲ್ಲಿ ನೇಮ್. ತಮಿಳಿನಲ್ಲಿ ಕುರಿ, ನಗಬೇಡಿ! ಹೆಸರು ಯಾವುದೇ ಇರಲಿ, ತಪ್ಪು ಎಲ್ಲ ಸಲವೂ ನಮ್ಮ ಕಣ್ಣಿನದಲ್ಲ. ಆ ಬಂದೂಕಿನ ಸೈಟ್ ನಳಿಗೆಗೆ ಕೂಡಿರುವುದಿಲ್ಲ, ಅಷ್ಟೆ.

ಸೈಟ್ ಇರುವುದು ನಳಿಗೆಯ ಮೇಲೆ. ನಮ್ಮ ನೋಟ ಹೋಗುವ ಗೆರೆ ಒಂದು, ಗುಂಡು ಹೋಗುವ ದಾರಿ ಇನ್ನೊಂದು. ನೋಟದ ಗೆರೆ ನೇರ. ಗುಂಡಾದರೋ ನಳಿಗೆ ಬಿಟ್ಟ ಕ್ಷಣದಿಂದಲೇ ಕೆಳಕ್ಕೆ ಬೀಳತೊಡಗುತ್ತದೆ. ಸೆಕೆಂಡಿಗೆ 170 ಮೀಟರ್ ವೇಗದ ಏರ್ ರೈಫಲ್ ಗುಂಡು ಬರೀ 10 ಮೀಟರ್ ದೂರ ಹೋಗುವಷ್ಟರಲ್ಲಿ ಒಂದೂವರೆ ಸೆಂಟಿಮೀಟರಿಗಿಂತ ಹೆಚ್ಚು ಇಳಿದಿರುತ್ತದೆ. ಈ ಎರಡು ದಾರಿಗಳನ್ನು ಬೇಕಾದ ದೂರದಲ್ಲಿ ಒಂದೇ ಬಿಂದುವಿಗೆ ತರುವುದಕ್ಕೆ ಶೂಟಿಂಗ್ ಮಂದಿ ಝೀರೋ ಮಾಡುವುದು ಎನ್ನುತ್ತಾರೆ.

ಒಲಿಂಪಿಕ್ಸಿನ 10 ಮೀಟರ್ ಏರ್ ರೈಫಲ್ ಪಂದ್ಯದಲ್ಲಿ ದುರ್ಬೀನಿಗೆ ಅವಕಾಶವಿಲ್ಲ. ಮುಂದೆ ಒಂದು ಬಳೆ, ಹಿಂದೆ ಒಂದು ಸಣ್ಣ ತೂತು. ಹಿಂದಿನದಕ್ಕೆ ಎರಡು ತಿರುಪು. ಮೇಲೆ ಕೆಳಗೆ ಸರಿಸಲು ಒಂದು, ಎಡಬಲಕ್ಕೆ ಇನ್ನೊಂದು. ಟಿಕ್ ಟಿಕ್ ಎಂದು ಒಂದೊಂದೇ ಹಲ್ಲು ತಿರುಗುತ್ತದೆ. ಗುಂಡು ಎತ್ತ ಹೋಗಬೇಕೋ ಹಿಂದಿನ ಸೈಟನ್ನು ಅತ್ತಲೇ ಸರಿಸಬೇಕು. ಅಲ್ಲಿ ಹತ್ತು ಅಂಕದ ಚುಕ್ಕಿಯ ಅಗಲ ಅರ್ಧ ಮಿಲಿಮೀಟರ್ ಮಾತ್ರ!

ಒಂದು ಗುಂಡು ಹಾರಿಸಿ, ತಪ್ಪಿತೆಂದು ಕೂಡಲೇ ತಿರುಪಿಗೆ ಕೈಹಾಕುವವರೇ ಹೆಚ್ಚು. ಅದು ಕೈ ನಡುಗಿದ ಗುಂಡೂ ಆಗಿರಬಹುದು. ಬಂದೂಕನ್ನು ಮರಳು ಚೀಲದ ಮೇಲಿಟ್ಟು, ಒಂದೇ ಕಡೆಗೆ ಗುರಿಯಿಟ್ಟು ಮೂರೋ ಐದೋ ಗುಂಡು ಹಾರಿಸಿ ನೋಡಬೇಕು. ಎಲ್ಲವೂ ಒಂದೇ ಕಡೆ ಗುಂಪಾಗಿ ಬಿದ್ದರೆ ತಿರುಪಿನ ಕೆಲಸ. ಚೆಲ್ಲಾಪಿಲ್ಲಿಯಾದರೆ ತಿರುಪು ಏನು ಮಾಡೀತು? ಸಡಿಲವಾದ ಸ್ಕ್ರೂ ಹುಡುಕಬೇಕು, ಇಲ್ಲವೇ ನಮ್ಮನ್ನು ನಾವೇ ತಿದ್ದಿಕೊಳ್ಳಬೇಕು.

2008ರ ಆಗಸ್ಟ್ 11, ಬೀಜಿಂಗ್. ಅಭಿನವ್ ಬಿಂದ್ರಾ 596 ಅಂಕ ಪಡೆದು ನಾಲ್ಕನೆಯವರಾಗಿ ಫೈನಲಿಗೆ ಬಂದಿದ್ದರು. ಫೈನಲಿಗೆ ಮುಂಚೆ ಅಂಕವಿಲ್ಲದ ಪರೀಕ್ಷೆಯ ಗುಂಡುಗಳಿಗೆ ಕೆಲವು ನಿಮಿಷ ಕೊಡುತ್ತಾರೆ. ಮೊದಲ ಗುಂಡೇ ನಡುವಿನಿಂದ ಬಹುದೂರ ಬಿತ್ತು. ಬೆಳಗಿನ ಸುತ್ತಿಗೂ ಫೈನಲಿಗೂ ನಡುವೆ ಸೈಟ್ ಬದಲಾಗಿತ್ತೆಂದು ಅವರೇ ಮುಂದೆ ಹೇಳಿದ್ದಾರೆ. ಎಂಥವರಿಗೂ ಎದೆ ಒಡೆಯುವ ಹೊತ್ತು ಅದು. ವರುಷಗಟ್ಟಲೆ ಮಾಡಿದ ಅಭ್ಯಾಸವೆಲ್ಲ ಒಂದು ತಿರುಪಿನ ಮೇಲೆ ನಿಂತಿತ್ತು. ಅವರು ಕೂಗಾಡಲಿಲ್ಲ. ಉಳಿದ ಅಲ್ಪ ಸಮಯದಲ್ಲೇ ಸೈಟನ್ನು ಮತ್ತೆ ಕೂಡಿಸಿಕೊಂಡರು. ಒಂಬತ್ತು ಗುಂಡು ಮುಗಿದಾಗ ಅವರೂ ಫಿನ್‌ಲ್ಯಾಂಡಿನ ಹೆನ್ರಿ ಹಾಕ್ಕಿನೆನ್ನರೂ ಸಮಸಮ. ಕೊನೆಯ ಗುಂಡು ಬಿಂದ್ರಾ ಅವರದು 10.8, ಹಾಕ್ಕಿನೆನ್ನರದು 9.7. ಒಟ್ಟು 700.5 ಅಂಕ. ಭಾರತಕ್ಕೆ ಒಲಿಂಪಿಕ್ಸಿನಲ್ಲಿ ಒಬ್ಬರೇ ಗೆದ್ದ ಮೊದಲ ಚಿನ್ನ ಅದು.

ಪರವಾನಗಿ ಇದ್ದು, ಹೊಸ ದುರ್ಬೀನು ಕೂಡಿಸುವವರಿಗೂ ಕ್ರಮ ಇದೇ. ಹಿಂದೆ ಗುಂಡು ತಡೆಯುವ ಮಣ್ಣಿನ ದಿಬ್ಬವಿರುವ ರೇಂಜಿನಲ್ಲಿ ಮಾತ್ರ. ಸಾಮಾನ್ಯ ದುರ್ಬೀನಿನ ಒಂದು ಟಿಕ್ 100 ಮೀಟರಿನಲ್ಲಿ ಗುಂಡನ್ನು ಸುಮಾರು 7 ಮಿಲಿಮೀಟರ್ ಸರಿಸುತ್ತದೆ. 25 ಮೀಟರಿನಲ್ಲಿ ಅಷ್ಟೇ ಸರಿಸಲು ನಾಲ್ಕು ಟಿಕ್ ಬೇಕು. ಇದನ್ನು ಮರೆತು ಗುಂಡು ವ್ಯರ್ಥ ಮಾಡುವವರುಂಟು. ದುರ್ಬೀನು ಬಿಚ್ಚಿ ಹಾಕಿದರೆ, ನಳಿಗೆಗೆ ಕಾಲು ಸ್ಟ್ಯಾಂಡು ಕಟ್ಟಿದರೆ, ಗುಂಡಿನ ತಳಿ ಬದಲಿಸಿದರೆ, ಬಂದೂಕು ಕೈಜಾರಿ ಬಿದ್ದರೆ ಹಳೆಯ ಲೆಕ್ಕ ನಡೆಯದು. ಮತ್ತೆ ಹಾರಿಸಿ ನೋಡಲೇಬೇಕು.

ಮುಂದಿನ ಜಾತ್ರೆಯಲ್ಲಿ ಮೊದಲ ಎರಡು ಗುಂಡನ್ನು ಬಲೂನಿಗಲ್ಲ, ಹಲಗೆಯ ಒಂದು ಗುರುತಿಗೆ ಹೊಡೆದು ಎಲ್ಲಿ ಬೀಳುತ್ತದೆ ನೋಡಿ. ಅಂಗಡಿಯವನು ತಿರುಪು ಮುಟ್ಟಲು ಬಿಡುವುದಿಲ್ಲ. ಎಡಕ್ಕೆ ಬಿದ್ದರೆ ಅಷ್ಟೇ ಬಲಕ್ಕೆ ಗುರಿಯಿಡಿ.