ಬೆಂಕಿ ಆಕಾಶದಲ್ಲಿ, ಅಪಾಯ ನೀರಿನಲ್ಲಿ

2012ರ ಜುಲೈ 4, ಅಮೆರಿಕದ ಸ್ವಾತಂತ್ರ್ಯ ದಿನ. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೆಗೊ ಕೊಲ್ಲಿಯಲ್ಲಿ ಬಾರ್ಜ್‌ಗಳ ಮೇಲೆ ಬಾಣಬಿರುಸು ಸಜ್ಜಾಗಿತ್ತು. ಕಾಲು ಗಂಟೆಗೂ ಹೆಚ್ಚು ಹೊತ್ತು ನಡೆಯಬೇಕಿದ್ದ ಪ್ರದರ್ಶನವದು. ಆದರೆ ಉಡಾವಣೆಯ ಕ್ರಮವನ್ನು ನಿರ್ಧರಿಸುವ ಕಂಪ್ಯೂಟರ್ ಕಡತದಲ್ಲಿ ದೋಷ ನುಸುಳಿ, ಸುಮಾರು 7,000 ಸಿಡಿಮದ್ದುಗಳು ಅರ್ಧ ನಿಮಿಷದೊಳಗೆ ಒಟ್ಟಿಗೇ ಹೊತ್ತಿಕೊಂಡವು. ಇಡೀ ಕೊಲ್ಲಿ ಬೆಳಕಿನಲ್ಲಿ ಮುಳುಗಿತು. ಯಾರಿಗೂ ಗಾಯವಾಗಲಿಲ್ಲ. ಅದೇ ರಾತ್ರಿ ಅದೇ ದೇಶದ ಇನ್ನೊಂದು ತುದಿಯಲ್ಲಿ, ನ್ಯೂಯಾರ್ಕ್ ರಾಜ್ಯದ ಆಯ್‌ಸ್ಟರ್ ಬೇ ಎಂಬಲ್ಲಿ, ಬಾಣಬಿರುಸು ನೋಡಿ ಮರಳುತ್ತಿದ್ದ 34 ಅಡಿ ಉದ್ದದ ವಿಹಾರ ದೋಣಿಯೊಂದು ಮಗುಚಿಕೊಂಡಿತು. ಅದರಲ್ಲಿದ್ದವರು 27 ಮಂದಿ. ಒಳಗಿನ ಕೋಣೆಯಲ್ಲಿ ಸಿಕ್ಕಿಕೊಂಡ ಮೂವರು ಮಕ್ಕಳು ಬದುಕಲಿಲ್ಲ.

ಈ ಎರಡು ಘಟನೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ಬಂದರಿನ ಬಾಣಬಿರುಸಿನ ಬಗ್ಗೆ ನಮಗಿರುವ ಭಯ ತಪ್ಪು ಕಡೆಗೆ ಮುಖ ಮಾಡಿದೆ ಎನ್ನುವುದು ತಿಳಿಯುತ್ತದೆ. ಮದ್ದು ಎಂದ ಕೂಡಲೇ ಕಿಡಿ, ಸ್ಫೋಟ, ಸುಟ್ಟಗಾಯಗಳೇ ನೆನಪಾಗುತ್ತವೆ. ಆ ಅಪಾಯ ಸುಳ್ಳಲ್ಲ. ಆದರೆ ಅದನ್ನು ಅಳೆದಿದ್ದೇವೆ, ಅದಕ್ಕೆ ಬೇಲಿ ಹಾಕಿದ್ದೇವೆ. ನೋಡಲು ಬಂದ ದೋಣಿಗಳ ಓಡಾಟಕ್ಕೆ, ಅದರಲ್ಲೂ ಕತ್ತಲಲ್ಲಿ ಎಲ್ಲರೂ ಒಮ್ಮೆಲೇ ಹೊರಡುವ ಆ ಗಳಿಗೆಗೆ, ಅಷ್ಟೇ ಎಚ್ಚರದ ಲೆಕ್ಕಾಚಾರ ಇನ್ನೂ ಆಗಿಲ್ಲ. ದೋಣಿಯವರ ಸುರಕ್ಷತೆಗೆ ಮುಂದಿನ ಪ್ರಯತ್ನವೆಲ್ಲ ಅಲ್ಲಿಗೇ ಹರಿಯಬೇಕು.

ಬೆಂಕಿಗೆ ಹಾಕಿದ ಬೇಲಿ ಎಷ್ಟು ಸರಳ ಎಂಬುದನ್ನು ಮೊದಲು ನೋಡೋಣ. ಆಕಾಶದಲ್ಲಿ ಹೂವಿನಂತೆ ಅರಳುವ ಪ್ರತಿಯೊಂದು ಗುಂಡೂ ಕೆಳಗೆ ಒಂದು ಕೊಳವೆಯ ತಳದಲ್ಲಿ ಕೂತಿರುತ್ತದೆ. ಅದರ ಅಡಿಯಲ್ಲಿ ಕರಿಮದ್ದು: ನೂರಕ್ಕೆ ಸುಮಾರು 75 ಪಾಲು ಪೊಟ್ಯಾಸಿಯಂ ನೈಟ್ರೇಟ್, 15 ಪಾಲು ಇದ್ದಿಲು, 10 ಪಾಲು ಗಂಧಕ. ಅದಕ್ಕೆ ಕಿಡಿ ತಾಗಿದಾಗ ಹುಟ್ಟುವ ಅನಿಲ ಗುಂಡನ್ನು ಮೇಲಕ್ಕೆ ಚಿಮ್ಮಿಸುತ್ತದೆ. ಅದೇ ಹೊತ್ತಿಗೆ ಗುಂಡಿನ ಬತ್ತಿಯೂ ಹೊತ್ತಿಕೊಂಡು, ತುದಿಗೇರುವಷ್ಟರಲ್ಲಿ ಒಳಗಿನ ಮದ್ದನ್ನು ಮುಟ್ಟುತ್ತದೆ. ಬತ್ತಿ ನಿಧಾನವಾದರೆ ಗುಂಡು ಕೆಳಗಿಳಿಯುವಾಗ ಸಿಡಿಯುತ್ತದೆ. ಕೊಳವೆ ವಾಲಿದರೆ ಅಡ್ಡಕ್ಕೆ ಹಾರುತ್ತದೆ. ಇಂಥ ಎಡವಟ್ಟು ಆಗಿಯೇ ಆಗುತ್ತದೆ ಎಂದು ಭಾವಿಸಿಯೇ ಅಮೆರಿಕದ ರಾಷ್ಟ್ರೀಯ ಅಗ್ನಿ ಸಂರಕ್ಷಣಾ ಸಂಘದ 1123ನೇ ಮಾನದಂಡ ಒಂದು ಅಳತೆಯನ್ನು ಕೊಟ್ಟಿದೆ: ಗುಂಡಿನ ವ್ಯಾಸದ ಪ್ರತಿ ಇಂಚಿಗೆ ಕನಿಷ್ಠ 70 ಅಡಿ ದೂರ. 6 ಇಂಚಿನ ಗುಂಡಿಗೆ 420 ಅಡಿ, ಅಂದರೆ ಸುಮಾರು 128 ಮೀಟರ್. 12 ಇಂಚಿನದಕ್ಕೆ 840 ಅಡಿ, ಸುಮಾರು 256 ಮೀಟರ್. ಬಾರ್ಜಿನ ಸುತ್ತ ಯಾವ ದೋಣಿಯೂ ಬರದಂತೆ ಅಲ್ಲಿನ ಕರಾವಳಿ ಕಾವಲು ಪಡೆ ಸುರಕ್ಷತಾ ವಲಯವನ್ನು ಘೋಷಿಸಿ ಕಾಯುತ್ತದೆ. ಸ್ಯಾನ್ ಡಿಯೆಗೊದಲ್ಲಿ ಕಂಪ್ಯೂಟರ್ ಕೈಕೊಟ್ಟರೂ ಜನ ಉಳಿದದ್ದು ಈ ದೂರದಿಂದ. ಯಂತ್ರ ಕೆಟ್ಟರೂ ದೂರ ಕೆಡುವುದಿಲ್ಲ.

ಹಾಗಾದರೆ ಕಿಡಿಯ ಚಿಂತೆಯೇ ಬೇಡವೇ ಎಂದು ಯಾರಾದರೂ ಕೇಳಬಹುದು. ಬೇಕು. ಗಾಳಿ ಬೀಸುವ ದಿಕ್ಕಿನಲ್ಲಿ ನಿಂತ ದೋಣಿಯ ಮೇಲೆ, ವಲಯದ ಆಚೆಗಿದ್ದರೂ, ಕೆಂಡದ ಚೂರುಗಳೂ ಬೂದಿಯೂ ಬೀಳಬಹುದು. ದೋಣಿಯಲ್ಲಿ ಬಟ್ಟೆಯ ಮೇಲ್ಛಾವಣಿ, ಸುತ್ತಿಟ್ಟ ಹಾಯಿ, ಪೆಟ್ರೋಲ್ ಡಬ್ಬ ಎಲ್ಲವೂ ಇರುತ್ತವೆ. ಸಿಡಿಯದೆ ನೀರಿಗೆ ಬಿದ್ದ ಗುಂಡು ತೇಲಿ ಬಂದರೆ, ಒದ್ದೆಯಾಗಿದೆ ಎಂದು ಎತ್ತಿಕೊಳ್ಳುವುದು ದೊಡ್ಡ ತಪ್ಪು. ಒಳಗಿನ ಮದ್ದು ಒಣಗಿಯೇ ಇರಬಹುದು. ಅದನ್ನು ಮುಟ್ಟದೆ ಕಾವಲು ಪಡೆಗೆ ತಿಳಿಸಬೇಕು. ಗಾಳಿ ಬರುವ ಕಡೆಗೆ ನಿಲ್ಲುವುದು, ಬೆಂಕಿ ಆರಿಸುವ ಸಿಲಿಂಡರನ್ನು ಕೈಗೆಟುಕುವಲ್ಲಿಡುವುದು, ವಲಯದ ಗೆರೆ ದಾಟದಿರುವುದು: ಬೆಂಕಿಯ ಮಟ್ಟಿಗೆ ದೋಣಿಯವರು ವಹಿಸಬೇಕಾದ ಎಚ್ಚರ ಬಹುಮಟ್ಟಿಗೆ ಇಷ್ಟೇ. ದೋಣಿಯ ಓಡಾಟಕ್ಕೆ ಇಷ್ಟು ಸುಲಭದ ಉತ್ತರವಿಲ್ಲ.

ಮೊದಲನೆಯ ತೊಡಕು ಕಣ್ಣಿನದು. ಮಂದ ಬೆಳಕಿನಲ್ಲಿ ನಮಗೆ ಕಾಣಿಸುವುದು ಅಕ್ಷಿಪಟಲದ ದಂಡಕೋಶಗಳಿಂದ. ಅವುಗಳಲ್ಲಿ ರೊಡಾಪ್ಸಿನ್ ಎಂಬ ವರ್ಣದ್ರವ್ಯವಿದೆ. ಬೆಳಕು ಬಿದ್ದಾಗ ಅದರ ಅಣು ರೂಪ ಬದಲಿಸಿ ಮೆದುಳಿಗೆ ಸಂಕೇತ ಹೋಗುವಂತೆ ಮಾಡುತ್ತದೆ. ಆದರೆ ಒಮ್ಮೆ ಬದಲಾದ ಅಣು ಮತ್ತೆ ಕೆಲಸಕ್ಕೆ ಬರಬೇಕಾದರೆ ಅದು ಹೊಸದಾಗಿ ಕೂಡಿಕೊಳ್ಳಬೇಕು. ಪ್ರಖರ ಬೆಳಕಿನಿಂದ ಪೂರ್ಣ ಕತ್ತಲೆಗೆ ಕಣ್ಣು ಹೊಂದಿಕೊಳ್ಳಲು 20ರಿಂದ 30 ನಿಮಿಷ ಹಿಡಿಯುತ್ತದೆ. ಪ್ರದರ್ಶನದ ಕೊನೆಯಲ್ಲೇ ಅತಿ ಹೆಚ್ಚು ಗುಂಡುಗಳನ್ನು ಒಟ್ಟಿಗೆ ಸಿಡಿಸುವುದು ವಾಡಿಕೆ. ಹೀಗೆ ಕಣ್ಣು ಕೋರೈಸಿದ ಮರುಕ್ಷಣವೇ ನೂರಾರು ಚಾಲಕರು ಲಂಗರು ಎತ್ತುತ್ತಾರೆ. ನೀರಿನ ಮೇಲೆ ಒಂದು ದೋಣಿ ಎತ್ತ ಹೋಗುತ್ತಿದೆ ಎಂದು ಇನ್ನೊಂದಕ್ಕೆ ತಿಳಿಯುವುದು ಪುಟ್ಟ ದೀಪಗಳಿಂದ: ಎಡಕ್ಕೆ ಕೆಂಪು, ಬಲಕ್ಕೆ ಹಸಿರು, ಹಿಂದೆ ಬಿಳಿ, ಲಂಗರು ಹಾಕಿ ನಿಂತಿದ್ದರೆ ಸುತ್ತಲೂ ಕಾಣುವ ಒಂದು ಬಿಳಿ ದೀಪ. ದಡದ ಹೋಟೆಲು, ಬೀದಿ, ವಾಹನಗಳ ದೀಪಗಳ ನಡುವೆ ಇವನ್ನು ಗುರುತಿಸುವುದು ಎಂದಿಗೂ ಕಷ್ಟ. ಗಾಳಿಯಿಲ್ಲದ ರಾತ್ರಿ ಮದ್ದಿನ ಹೊಗೆಯೂ ನೀರಿನ ಮೇಲೆ ಇಳಿದು ನಿಂತರೆ ಇನ್ನೂ ಕಷ್ಟ.

ಎರಡನೆಯದು ಸಮತೋಲನದ ಲೆಕ್ಕ. ದೋಣಿ ಒಂದು ಬದಿಗೆ ವಾಲಿದಾಗ ಆ ಬದಿಯ ಒಡಲು ಹೆಚ್ಚು ಮುಳುಗುತ್ತದೆ; ನೀರು ಅಲ್ಲಿ ಹೆಚ್ಚು ಬಲದಿಂದ ಮೇಲಕ್ಕೆ ಒತ್ತಿ ದೋಣಿಯನ್ನು ನೇರಗೊಳಿಸುತ್ತದೆ. ಈ ಮರುಬಲ ಎಷ್ಟು ಎನ್ನುವುದು ಗುರುತ್ವಕೇಂದ್ರ ಎಷ್ಟು ಕೆಳಗಿದೆ ಎಂಬುದನ್ನು ಅವಲಂಬಿಸಿದೆ. ಚೆನ್ನಾಗಿ ಕಾಣಲೆಂದು ಜನ ಮೇಲಿನ ಅಟ್ಟಕ್ಕೆ ಹತ್ತಿದರೆ ಗುರುತ್ವಕೇಂದ್ರವೂ ಮೇಲೇರುತ್ತದೆ, ದೋಣಿಯ ಮರುಬಲ ಕುಗ್ಗುತ್ತದೆ. ತಲಾ 60 ಕಿಲೋ ತೂಕದ 20 ಮಂದಿ ಬೆಳಕು ಕಂಡ ಕಡೆಗೆ ಒಮ್ಮೆಲೇ ಸರಿದರೆ 1,200 ಕಿಲೋ ಭಾರ ಜಾಗ ಬದಲಿಸಿದಂತೆ. ಹೊರಡುವ ಹೊತ್ತಿಗೆ ಇದರ ಜೊತೆಗೆ ಅಲೆಯೂ ಸೇರಿಕೊಳ್ಳುತ್ತದೆ. ಮೋಟಾರು ದೋಣಿ ಅತಿ ದೊಡ್ಡ ಅಲೆಯನ್ನು ಎಬ್ಬಿಸುವುದು ಪೂರ್ತಿ ನಿಧಾನದಲ್ಲಲ್ಲ, ಪೂರ್ತಿ ವೇಗದಲ್ಲೂ ಅಲ್ಲ. ಮೂತಿ ಮೇಲೆತ್ತಿ ಹಿಂಭಾಗ ಮುಳುಗಿಸಿಕೊಂಡು ಸಾಗುವ ನಡುವಿನ ವೇಗದಲ್ಲಿ. ದಟ್ಟಣೆಯಲ್ಲಿ ಬೇಗ ಮನೆ ಸೇರಲು ಹೊರಟವರು ಬಹಳ ಹೊತ್ತು ಇರುವುದು ಈ ವೇಗದಲ್ಲೇ. ಎರಡು ಅಲೆಗಳ ನೆತ್ತಿಗಳು ಕೂಡಿದಲ್ಲಿ ಎತ್ತರಗಳೂ ಕೂಡುತ್ತವೆ. ಎತ್ತರ ಇಮ್ಮಡಿಯಾದರೆ ಅಲೆಯ ಶಕ್ತಿ ನಾಲ್ಮಡಿಯಾಗುತ್ತದೆ. ತುಂಬು ಭಾರದ ದೋಣಿಗೆ ಇಂಥ ಅಲೆ ಅಡ್ಡದಿಂದ ಬಡಿದರೆ ಏನಾಗಬಹುದೆಂದು ಬಿಡಿಸಿ ಹೇಳಬೇಕಿಲ್ಲ. ಅಮೆರಿಕದ ಒಕ್ಕೂಟ ಕಾನೂನು ಗರಿಷ್ಠ ಭಾರದ ಫಲಕವನ್ನು ಕಡ್ಡಾಯ ಮಾಡಿರುವುದು 20 ಅಡಿಗಿಂತ ಚಿಕ್ಕ ದೋಣಿಗಳಿಗೆ ಮಾತ್ರ. ಆಯ್‌ಸ್ಟರ್ ಬೇಯಲ್ಲಿ ಮಗುಚಿದಷ್ಟು ಉದ್ದದ ದೋಣಿಯಲ್ಲಿ ಎಷ್ಟು ಜನ ಕೂರಬಹುದು ಎನ್ನುವುದು ಮಾಲೀಕರ ಅಂದಾಜಿಗೆ ಬಿಟ್ಟ ಮಾತು.

ಇದು ಚಿಕ್ಕ ದೋಣಿಗಳ, ಅನುಭವವಿಲ್ಲದ ಚಾಲಕರ ಸಮಸ್ಯೆ ಎನ್ನುವ ವಾದವೂ ಇದೆ. ಅದಕ್ಕೆ ಉತ್ತರ ಹಾಂಗ್‌ಕಾಂಗ್‌ನಲ್ಲಿದೆ. 2012ರ ಅಕ್ಟೋಬರ್ 1ರ ರಾತ್ರಿ, ಚೀನಾದ ರಾಷ್ಟ್ರೀಯ ದಿನದ ಬಾಣಬಿರುಸು ನೋಡಲು ಒಂದು ಕಂಪನಿಯ ನೌಕರರನ್ನೂ ಅವರ ಕುಟುಂಬಗಳನ್ನೂ ವಿಕ್ಟೋರಿಯಾ ಬಂದರಿನತ್ತ ಕರೆದೊಯ್ಯುತ್ತಿದ್ದ ಲಾಮಾ 4 ಎಂಬ ಹಡಗಿಗೆ ಪ್ರಯಾಣಿಕರ ಫೆರಿಯೊಂದು ಡಿಕ್ಕಿ ಹೊಡೆಯಿತು. ಮಕ್ಕಳೂ ಸೇರಿ 39 ಮಂದಿ ತೀರಿಕೊಂಡರು. ಎರಡನ್ನೂ ನಡೆಸುತ್ತಿದ್ದವರು ವೃತ್ತಿಪರ ಚಾಲಕರೇ. ಹಡಗು ಅಷ್ಟು ಬೇಗ ಮುಳುಗಿದ್ದೇಕೆಂದು ವಿಚಾರಣಾ ಆಯೋಗ ಹುಡುಕಿದಾಗ, ಹಿಂಭಾಗದ ಎರಡು ಕೋಣೆಗಳ ನಡುವೆ ಇರಬೇಕಿದ್ದ ನೀರುತಡೆ ಬಾಗಿಲೇ ಇರಲಿಲ್ಲವೆಂಬುದು ಹೊರಬಿತ್ತು. ಒಂದು ಕೋಣೆಗೆ ನುಗ್ಗಿದ ನೀರು ಮುಂದಿನದಕ್ಕೂ ಹರಿಯಿತು. ಬಾಣಬಿರುಸಿನ ಒಂದು ಕಿಡಿಯೂ ಹಾರುವ ಮೊದಲೇ ನಡೆದ ದುರಂತವಿದು. ಸಿಡಿಮದ್ದಿನ ತಪಾಸಣೆಯಷ್ಟೇ ನಿಷ್ಠುರವಾಗಿ ಪ್ರೇಕ್ಷಕರ ಹಡಗುಗಳ ತಪಾಸಣೆಯೂ ಆಗಬೇಕೆಂದು ಅದು ಸಾರಿ ಹೇಳುತ್ತದೆ.

ಎಲ್ಲರೂ ಲೈಫ್ ಜಾಕೆಟ್ ತೊಟ್ಟರೆ ಸಾಲದೇ ಎಂಬ ಪ್ರಶ್ನೆ ಬರುವುದು ಸಹಜ. ತೊಡಲೇಬೇಕು: ಅಮೆರಿಕದಲ್ಲಿ ವಿಹಾರ ದೋಣಿಯ ಅವಘಡಗಳಲ್ಲಿ ಮುಳುಗಿ ಸಾಯುವ ಹತ್ತು ಜನರಲ್ಲಿ ಎಂಟಕ್ಕೂ ಹೆಚ್ಚು ಮಂದಿ ಜಾಕೆಟ್ ತೊಟ್ಟಿರುವುದಿಲ್ಲ. ಆದರೆ ಜಾಕೆಟ್ ಕಾಪಾಡುವುದು ತೆರೆದ ನೀರಿಗೆ ಬಿದ್ದವರನ್ನು. ಮಗುಚಿದ ದೋಣಿಯ ಕೋಣೆಯೊಳಗಿದ್ದವರನ್ನು ಅದು ಮೇಲಕ್ಕೆ, ಅಂದರೆ ತಲೆಕೆಳಗಾದ ನೆಲದತ್ತ ಒತ್ತುತ್ತದೆ. ಬಾಗಿಲು ಕೆಳಗೆ ನೀರಿನಲ್ಲಿ ಉಳಿಯುತ್ತದೆ. ಹಾಗಾಗಿ ಹೊರಡುವಾಗ ಮಕ್ಕಳು ಜಾಕೆಟ್ ತೊಟ್ಟು, ಕೆಳಗಿನ ಅಟ್ಟದಲ್ಲಿ, ತೆರೆದ ಜಾಗದಲ್ಲಿ ದೊಡ್ಡವರ ಕಣ್ಣಳತೆಯಲ್ಲಿ ಕೂತಿರಬೇಕು. ದೋಣಿ ಮಗುಚದಂತೆ ನೋಡಿಕೊಳ್ಳುವ ಹೊಣೆಯನ್ನು ಜಾಕೆಟ್ ಹೊರಲಾರದು. ಪ್ರದರ್ಶನಕ್ಕಾಗಿ ಕಾಯುವ ಹೊತ್ತಿನಲ್ಲೂ ಎರಡು ಅಪಾಯಗಳಿವೆ. ದೋಣಿಗಳನ್ನು ಒಂದಕ್ಕೊಂದು ಕಟ್ಟಿ ನಿಲ್ಲಿಸಿ ಜನರೇಟರ್ ಓಡಿಸಿದರೆ, ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಪಕ್ಕದ ದೋಣಿಯ ಕೋಣೆಗೆ ನುಗ್ಗಬಹುದು. ಅದು ತರುವ ತಲೆನೋವು, ವಾಕರಿಕೆಗಳನ್ನು ಜನ ಅಲೆಯ ತೂಗಾಟದ ಫಲವೆಂದು ತಿಳಿದು ಸುಮ್ಮನಾಗುತ್ತಾರೆ. ಇನ್ನು ಮದ್ಯ, ದೋಣಿ ಅವಘಡಗಳ ಸಾವುಗಳಿಗೆ ಗೊತ್ತಿರುವ ಕಾರಣಗಳಲ್ಲಿ ಅಮೆರಿಕದಲ್ಲಿ ಮೊದಲ ಸ್ಥಾನದಲ್ಲಿದೆ.

ಹಾಗಾದರೆ ಪರಿಹಾರವೇನು? ಬೆಂಕಿಗೆ ಜಾಗದ ಬೇಲಿ ಹಾಕಿದಂತೆ ದೋಣಿಗಳಿಗೆ ವೇಗದ ಮತ್ತು ಸಮಯದ ಬೇಲಿ ಬೇಕು. ಹೊಸ ವರ್ಷದ ರಾತ್ರಿ ಸಿಡ್ನಿ ಬಂದರಿನ ಕ್ರಮ ಈ ದಾರಿಯಲ್ಲಿದೆ: ಅಲ್ಲಿ ವಿಶೇಷ ವಲಯದಲ್ಲಿ ರಾತ್ರಿ 8ರಿಂದ 2 ಗಂಟೆಯವರೆಗೆ ವೇಗಮಿತಿ 6 ನಾಟ್, ಅಂದರೆ ಗಂಟೆಗೆ ಸುಮಾರು 11 ಕಿ.ಮೀ. ಕೊನೆಯ ಗುಂಡು ಸಿಡಿದ ಮೇಲೂ ಮಿತಿ ಮುಂದುವರಿಯುತ್ತದೆ ಎಂಬುದೇ ಇದರ ಸಾರ. ಇದಕ್ಕೆ ಅರ್ಧ ಗಂಟೆಯ ಕಾಯುವಿಕೆಯನ್ನೂ ಸೇರಿಸಬೇಕು. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಬೇಕಾದಷ್ಟೇ ಹೊತ್ತದು. ಸಂಭ್ರಮಕ್ಕೆ ಬಂದವರು ಕಾಯುವುದಿಲ್ಲ ಎನ್ನುವುದು ಪೂರ್ತಿ ನಿಜವಲ್ಲ. ಬಾರ್ಜಿನಿಂದ ದೂರ ನಿಲ್ಲಿ ಎಂದಾಗ ನಿಲ್ಲುತ್ತಾರೆ, ಏಕೆಂದರೆ ಗೆರೆಯಿದೆ, ಅದನ್ನು ಕಾಯುವವರಿದ್ದಾರೆ. ದೋಣಿಗಳನ್ನು ಸಾಲುಸಾಲಾಗಿ ಬಿಡುವ ಕ್ರಮವನ್ನೂ ಮೊದಲೇ ಸಾರಿ, ಕಾವಲು ದೋಣಿಗಳು ಆ ಹೊತ್ತಿನಲ್ಲೂ ನೀರಿನಲ್ಲೇ ಇದ್ದರೆ ಜನ ಅದನ್ನೂ ಪಾಲಿಸುತ್ತಾರೆ.

ಈ ಮಾತು ಕಡಲಾಚೆಯ ಬಂದರುಗಳಿಗಷ್ಟೇ ಸೇರಿದ್ದಲ್ಲ. 2019ರ ಜನವರಿ 21ರಂದು ಕಾರವಾರದ ಬಳಿ ಕೂರ್ಮಗಡದ ನರಸಿಂಹ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ಪ್ರಾಣ ಕಳೆದುಕೊಂಡರು. ಅಲ್ಲಿ ಬಾಣಬಿರುಸಿನ ಮಾತಿರಲಿಲ್ಲ, ಕತ್ತಲೂ ಇರಲಿಲ್ಲ. ಇದ್ದದ್ದು ಉತ್ಸವ ಮುಗಿಸಿ ಹೊರಟ ಜನ, ತುಂಬಿದ ದೋಣಿ ಮತ್ತು ಅಲೆ. ನೀರಿನ ಮೇಲೆ ಅಥವಾ ನೀರಿನಾಚೆ ನಡೆಯುವ ಯಾವ ಉತ್ಸವಕ್ಕೂ ಅನುಮತಿ ಕೊಡುವ ಅಧಿಕಾರಿ ಕಾರ್ಯಕ್ರಮ ಹೇಗೆ ನಡೆಯುತ್ತದೆ ಎಂದು ಕೇಳಿದ ಮೇಲೆ ಇನ್ನೊಂದು ಪ್ರಶ್ನೆಯನ್ನೂ ಕೇಳಲಿ: ಮುಗಿದ ಮೇಲೆ ಜನ ಯಾವ ದೋಣಿಯಲ್ಲಿ, ಎಷ್ಟು ಮಂದಿಯಾಗಿ, ಯಾವ ಕ್ರಮದಲ್ಲಿ ಮರಳುತ್ತಾರೆ? ಇದಕ್ಕೆ ಬರಹದಲ್ಲಿ ಉತ್ತರ ಸಿಗುವವರೆಗೆ ಅನುಮತಿ ಪತ್ರಕ್ಕೆ ಸಹಿ ಬೀಳಬಾರದು.