ಖಂಡಸ್ಫುಟಿತ ಜೀರ್ಣೋದ್ಧಾರ

ಕಳೆದ ಆಷಾಢದಲ್ಲಿ ನಮ್ಮ ಮನೆಯ ಬಟ್ಟೆ ಒಗೆಯುವ ಯಂತ್ರವು ಗರ್ಜಿಸತೊಡಗಿತು. ಗರ್ಜನೆಯೆಂಬ ಮಾತನ್ನು ನಾನು ಅಲಂಕಾರಕ್ಕಾಗಿ ಬಳಸುತ್ತಿಲ್ಲ. ಮೊದಮೊದಲು ಬೀಸುವ ಕಲ್ಲಿನ ಸದ್ದಿನಷ್ಟೇ ಇದ್ದದ್ದು, ಎರಡು ವಾರಗಳೊಳಗೆ, ಬಟ್ಟೆ ಹಿಂಡುವ ಕೊನೆಯ ಘಟ್ಟದಲ್ಲಿ, ತಲೆಯ ಮೇಲೆ ವಿಮಾನ ಹಾದುಹೋದಂತೆ ಕೇಳತೊಡಗಿತು. ಪಕ್ಕದ ಮನೆಯವರು ಕಾಂಪೌಂಡಿನ ಆಚೆಯಿಂದ, "ಮೇಷ್ಟ್ರೇ, ಹಿಟ್ಟಿನ ಗಿರಣಿ ಹಾಕಿದಿರೇನು?" ಎಂದು ವಿಚಾರಿಸಿದರು. ಕಿವಿ ಸ್ವಲ್ಪ ಮಂದವಾಗಿರುವ ನನ್ನ ತಾಯಿ ಮಾತ್ರ, "ಈಗ ಅದು ಕೆಲಸ ಮಾಡೋದು ಗೊತ್ತಾಗ್ತದೆ" ಎಂದು ಸಂತೋಷಪಟ್ಟರು.

ಯಂತ್ರದ ವಯಸ್ಸು 13. ತಾಯಿ ಹಿತ್ತಿಲಿನಲ್ಲಿ ಒಗೆಯುವ ಕಲ್ಲಿನ ಬಳಿ ಜಾರಿಬಿದ್ದು ಬಲಗೈಯ ಮಣಿಕಟ್ಟನ್ನು ಮುರಿದುಕೊಂಡ ವರ್ಷ, 2012ರಲ್ಲಿ, ಕಂತಿನ ಸಾಲ ಮಾಡಿ ಅದನ್ನು ಕೊಂಡೆವು. ಎದುರಿನಿಂದ ಬಾಗಿಲು ತೆರೆಯುವ ಜಾತಿಯದು. ವಾರಕ್ಕೆ ನಾಲ್ಕು ಸರದಿಯೆಂದು ಹಿಡಿದರೂ 2,700 ಸಲ ನಮ್ಮ ಕೊಳೆಯನ್ನು ಅದು ಮರುಮಾತಿಲ್ಲದೆ ತೊಳೆದಿದೆ. ಇಷ್ಟು ದಿನ ದುಡಿದದ್ದು ಒಮ್ಮೆ ಗದ್ದಲ ಮಾಡಿದೊಡನೆ ಮನೆಯಿಂದ ಹೊರಹಾಕುವುದು ಸರಿಯೆ ಎಂಬುದು ನನ್ನ ಪಕ್ಷ. ನನ್ನ ಪತ್ನಿ ಪ್ರೌಢಶಾಲೆಯಲ್ಲಿ ಗಣಿತದ ಅಧ್ಯಾಪಕಿ. ಆಕೆಯ ಪಕ್ಷವನ್ನು ಮುಂದೆ ನಿವೇದಿಸುತ್ತೇನೆ.

ತಯಾರಿಸಿದ ಕಂಪನಿಗೆ ಫೋನು ಮಾಡಿದಾಗ ಒಬ್ಬ ಸಭ್ಯ ತರುಣ ಬಂದ. ಒಂದು ಸ್ಕ್ರೂವನ್ನೂ ಬಿಚ್ಚಲಿಲ್ಲ. ಬಾಗಿಲು ತೆರೆದು, ಡ್ರಮ್ಮನ್ನು ಕೈಯಿಂದ ಒಂದು ಸುತ್ತು ತಿರುಗಿಸಿ, ಮೇಲಕ್ಕೊಮ್ಮೆ ಎತ್ತಿ ಅಲುಗಿಸಿ, "ಬೇರಿಂಗ್ ಹೋಗಿದೆ ಸರ್" ಎಂದ. ಬೇರಿಂಗನ್ನು ಬಿಡಿಯಾಗಿ ಕೊಡುವ ಪದ್ಧತಿ ಅವರಲ್ಲಿಲ್ಲ. ಡ್ರಮ್ಮು, ಟಬ್ಬು ಎಲ್ಲ ಸೇರಿದ ಇಡೀ ಭಾಗವೇ ಬರಬೇಕು. ಅದಕ್ಕೆ 14,500 ರೂಪಾಯಿ, ಕೂಲಿ ಬೇರೆ. ಅಷ್ಟು ಕೊಡುತ್ತೇನೆಂದರೂ ಈ ಮಾದರಿಯ ಭಾಗ ಈಗ ದಾಸ್ತಾನಿನಲ್ಲಿಲ್ಲ. "ಇದನ್ನ ಎಕ್ಸ್‌ಚೇಂಜಿಗೆ ಕೊಟ್ಟರೆ 2,000 ಬಿಡ್ತಾರೆ ಸರ್" ಎಂದು ಹೇಳಿ, ಬಂದುಹೋದ ಶುಲ್ಕಕ್ಕೆ ರಸೀತಿ ಹರಿದುಕೊಟ್ಟು ಹೋದ.

ಬೇರಿಂಗ್ ಎಂದರೇನೆಂದು ಭಾಷೆಯ ಮೇಷ್ಟರಾದ ನಾನು ಈ ವಯಸ್ಸಿನಲ್ಲಿ ಕಲಿಯಬೇಕಾಯಿತು. ಒಂದರೊಳಗೊಂದು ಎರಡು ಉಕ್ಕಿನ ಬಳೆಗಳು, ನಡುವೆ ಗೋಲಿಗಳು, ಗೋಲಿಗಳಿಗೆ ಗ್ರೀಸು: ಇಷ್ಟೇ. ಬಟ್ಟೆ ತಿರುಗುವ ಡ್ರಮ್ಮಿನ ಬೆನ್ನಿಗೆ ಮೂರು ತೋಳುಗಳ ಒಂದು ಎರಕದ ಚೌಕಟ್ಟಿರುತ್ತದೆ. ಅದರ ನಡುವಿನಿಂದ ಹೊರಟ ದಂಡವು, ನೀರು ನಿಲ್ಲುವ ಹೊರಗಿನ ಟಬ್ಬಿನ ಹಿಂಗೋಡೆಯಲ್ಲಿ ಕುಳಿತ ಎರಡು ಬೇರಿಂಗುಗಳನ್ನು ಹಾದು, ಬೆಲ್ಟು ಎಳೆಯುವ ಚಕ್ರವನ್ನು ಸೇರುತ್ತದೆ. ನೀರು ಬೇರಿಂಗಿನತ್ತ ಬಾರದಂತೆ ಕಾವಲಿಗೆ ಒಂದು ರಬ್ಬರಿನ ಸೀಲು. ವರ್ಷಗಳು ಕಳೆದಂತೆ ಆ ಸೀಲಿನ ಅಂಚು ಸವೆಯುತ್ತದೆ. ನಮ್ಮ ಬಡಾವಣೆಯ ಕೊಳವೆಬಾವಿಯ ಗಡಸುನೀರು ಅದಕ್ಕೆ ನೆರವಾಗಿರಲೂ ಸಾಕು. ಅಲ್ಲಿಂದ ಸಾಬೂನಿನ ನೀರು ಒಳನುಸುಳಿ, ಗ್ರೀಸನ್ನು ತೊಳೆದು, ಗೋಲಿಗಳಿಗೆ ತುಕ್ಕು ಹಿಡಿಸುತ್ತದೆ. ತುಕ್ಕು ಹಿಡಿದ ಗೋಲಿಗಳು ನಿಮಿಷಕ್ಕೆ 1,000 ಸುತ್ತು ಉರುಳಿದರೆ ವಿಮಾನದ ಸದ್ದಲ್ಲದೆ ವೀಣೆಯ ಸದ್ದು ಬಂದೀತೆ?

ನನಗೆ ಸೋಜಿಗವಾದದ್ದು ಬೇರೆ ಸಂಗತಿ. ಬೇರಿಂಗಿನ ಮೇಲೆ ಒಂದು ಅಂಕೆ ಕೆತ್ತಿರುತ್ತದೆ. 6205 ಎಂದಿದ್ದರೆ ಒಳಬಳೆಯ ರಂಧ್ರ 25 ಮಿಲಿಮೀಟರು, ಹೊರಬಳೆಯ ವ್ಯಾಸ 52. ಜಪಾನಿನಲ್ಲಿ ಮಾಡಿದರೂ ಅಷ್ಟೆ, ನಮ್ಮಲ್ಲಿ ಮಾಡಿದರೂ ಅಷ್ಟೆ. ಕಂದಪದ್ಯದ ಗಣಕ್ಕೆ ನಾಲ್ಕೇ ಮಾತ್ರೆಯೆಂಬಂತೆ, ಯಾರ ಕೈಯಲ್ಲೂ ಬದಲಾಗದ ಅಳತೆ. ಕೆಲವೇ ನೂರು ರೂಪಾಯಿಗೆ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಕ್ಕುವ ಇಂಥ ಸರಳ ವಸ್ತುವನ್ನು ಬದಲಿಸಲು ಇಡೀ ಗರ್ಭವನ್ನೇ ಕೊಳ್ಳಬೇಕೆನ್ನುವುದು ಯಾವ ನ್ಯಾಯ? ಕೆಲವು ಯಂತ್ರಗಳಲ್ಲಿ ಟಬ್ಬಿನ ಎರಡು ಹೋಳುಗಳನ್ನು ಬೋಲ್ಟಿನಿಂದ ಬಿಗಿಯದೆ ಕಾಯಿಸಿ ಬೆಸೆದೇಬಿಟ್ಟಿರುತ್ತಾರೆ. ಅಂಥದನ್ನು ಗರಗಸದಿಂದ ಕೊಯ್ಯದೆ ತೆರೆಯುವಂತಿಲ್ಲ. ರಿಪೇರಿಯೋ ಹೊಸದೋ ಎಂದು ನಾವು ಊಟದ ಹೊತ್ತಿನಲ್ಲಿ ಚರ್ಚಿಸುವ ಪ್ರಶ್ನೆಗೆ ಉತ್ತರವನ್ನು, ನಾವು ಅಂಗಡಿಯ ಮೆಟ್ಟಿಲು ಹತ್ತುವ ಮೊದಲೇ, ಕಾರ್ಖಾನೆಯಲ್ಲಿ ಬರೆದು ಅಂಟು ಹಾಕಿರುತ್ತಾರೆ!

ಈ ಅಂಟಿನ ವಿಷಯ ಸರ್ಕಾರಗಳಿಗೂ ತಿಳಿಯದೆ ಇಲ್ಲ. ಐರೋಪ್ಯ ಒಕ್ಕೂಟದ ದೇಶಗಳಲ್ಲಿ 2021ರ ಮಾರ್ಚಿನಿಂದ ಜಾರಿಗೆ ಬಂದ ನಿಯಮದ ಪ್ರಕಾರ, ಒಂದು ಮಾದರಿಯ ಕೊನೆಯ ಯಂತ್ರ ಮಾರುಕಟ್ಟೆಗೆ ಬಂದ ಮೇಲೂ 10 ವರ್ಷಗಳವರೆಗೆ ಅದರ ಮುಖ್ಯ ಬಿಡಿಭಾಗಗಳನ್ನು ರಿಪೇರಿಗಾರರಿಗೆ ಒದಗಿಸಬೇಕು. ಆ ಪಟ್ಟಿಯಲ್ಲಿ ಬೇರಿಂಗಿನ ಹೆಸರೂ ಇದೆಯೆಂದು ಓದಿ ಹಿಗ್ಗಿದೆ. ಆದರೆ ಡ್ರಮ್ಮು, ಚೌಕಟ್ಟು, ಬೇರಿಂಗು ಇವನ್ನು ಬಿಡಿಯಾಗಿಯಾದರೂ ಕೊಡಬಹುದು, ಒಟ್ಟಾಗಿಯಾದರೂ ಕೊಡಬಹುದು ಎಂಬ ಅರ್ಥದ ಮಾತು ಅದರ ಪಕ್ಕದಲ್ಲೇ ಆವರಣದೊಳಗೆ ಕುಳಿತಿದೆ. ವ್ಯಾಕರಣ ಬೋಧಿಸುವವನಿಗೆ 'ಅಥವಾ' ಎಂಬ ಅವ್ಯಯದ ಬೆಲೆ ಗೊತ್ತಿರುತ್ತದೆ. ಇಲ್ಲಿ ಅದರ ಬೆಲೆ 14,500 ರೂಪಾಯಿ. ನಮ್ಮ ದೇಶದಲ್ಲಿ 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯು ರಿಪೇರಿಯ ಹಕ್ಕನ್ನು ಕುರಿತು ಒಂದು ಸಮಿತಿಯನ್ನು ನೇಮಿಸಿ, ಅದೇ ಡಿಸೆಂಬರಿನಲ್ಲಿ ಒಂದು ಜಾಲತಾಣವನ್ನೂ ತೆರೆಯಿತು. ಒಳ್ಳೆಯದೇ. ಆದರೆ ಜಾಲತಾಣದಿಂದ ಬೇರಿಂಗು ಕಳಚಿ ಬರುವುದಿಲ್ಲ.

ಮಂಡಿಪೇಟೆಯ ಒಂದು ಗಲ್ಲಿಯಲ್ಲಿ ಹಳೆಯ ಮೆಕ್ಯಾನಿಕ್ ಒಬ್ಬರಿದ್ದಾರೆಂದು ಸಹೋದ್ಯೋಗಿಯೊಬ್ಬರು ತಿಳಿಸಿದರು. ಫೋನಿನಲ್ಲಿ ಅವರು, "4,000 ಆಗಬಹುದು ಮೇಷ್ಟ್ರೇ. ಬಿಚ್ಚದೆ ಭಾಷೆ ಕೊಡೋಲ್ಲ" ಎಂದರು. ನಾನು ಉತ್ಸಾಹದಿಂದ ಕಾಗದ ತೆಗೆದುಕೊಂಡು ಪತ್ನಿಯ ಮುಂದೆ ಲೆಕ್ಕ ಹಾಕಿದೆ. ರಿಪೇರಿಯ ಖರ್ಚು ಹೊಸದರ ಬೆಲೆಯ ಅರ್ಧವನ್ನು ಮೀರಿದರೆ ಹೊಸದನ್ನೇ ಕೊಳ್ಳಬೇಕೆಂಬ ಒಂದು ಸೂತ್ರ ಬಳಕೆಯಲ್ಲಿದೆ. ಆದರೆ ಹಣವನ್ನು ಹಣದೊಡನೆ ಹೋಲಿಸಿ ಫಲವಿಲ್ಲ, ವರ್ಷದೊಡನೆ ಹೋಲಿಸಬೇಕು. ಹೊಸ ಯಂತ್ರಕ್ಕೆ 33,000 ರೂಪಾಯಿ, ಹತ್ತು ವರ್ಷ ಬಾಳಿದರೆ ವರ್ಷಕ್ಕೆ 3,300. ರಿಪೇರಿಗೆ 4,000, ಎರಡೇ ವರ್ಷ ಬಾಳಿದರೂ ವರ್ಷಕ್ಕೆ 2,000. ಹೊಸದು ವಿದ್ಯುತ್ತು ಉಳಿಸುತ್ತದೆ ಎನ್ನುವ ಮಾತುಂಟು. ಆದರೆ ಈ ಯಂತ್ರಗಳಲ್ಲಿ ವಿದ್ಯುತ್ತಿನ ಬಹುಪಾಲು ಹೋಗುವುದು ನೀರು ಕಾಯಿಸುವುದಕ್ಕೆ, ಮತ್ತು ನಾವು ತಣ್ಣೀರಿನಲ್ಲೇ ಒಗೆಯುವವರು.

ಗಣಿತದ ಅಧ್ಯಾಪಕಿ ಕಾಗದವನ್ನು ನೋಡಿ, ಕೆಂಪು ಶಾಯಿಯ ಪೆನ್ನಿಗಾಗಿ ಹುಡುಕುವವಳಂತೆ ಒಂದು ಕ್ಷಣ ಸುಮ್ಮನಿದ್ದಳು.

"ಎರಡು ವರ್ಷ ಅಂತ ಯಾರು ಬರೆದುಕೊಟ್ಟರು? ಬಿಚ್ಚಿದ ಮೇಲೆ 4,000 ಎಂಟಾಗೋದಿಲ್ಲ ಅಂತ ಯಾರು ಬರೆದುಕೊಟ್ಟರು? ಅದೆಲ್ಲ ಇರಲಿ. ಯಂತ್ರ ನಿಂತು ನಾಲ್ಕು ದಿನ ಆಯ್ತಲ್ಲ, ಈ ಲೆಕ್ಕದಲ್ಲಿ ನನ್ನ ಕೂಲಿ ಎಲ್ಲಿದೆ?"

ಕೂಲಿ ಲೆಕ್ಕದಲ್ಲಿರಲಿಲ್ಲ. ಆ ನಾಲ್ಕು ದಿನವೂ ಆಕೆ ಐದಕ್ಕೆದ್ದು, ಶಾಲೆಗೆ ಹೊರಡುವ ಮೊದಲು, ಐದು ಜನರ ಬಟ್ಟೆಯನ್ನು ಹಿತ್ತಿಲ ಕಲ್ಲಿನ ಮೇಲೆ ಒಗೆದಿದ್ದಳು. ಮಾರನೆಯ ದಿನ ನಾನೂ ಎರಡು ಮಂಚದ ಹಾಸುಗಳನ್ನು ಒಗೆಯಲು ಹೋಗಿ, ಎರಡನೆಯದನ್ನು ಹಿಂಡುವಷ್ಟರಲ್ಲಿ ಸೊಂಟ ಹಿಡಿದುಕೊಂಡು ಕುಳಿತೆ.

ಅಷ್ಟಾದರೂ ನಾನು ಸೋಲೊಪ್ಪಲಿಲ್ಲ. ಅದಕ್ಕೊಂದು ಕಾರಣವಿತ್ತು. ಆ ವಾರ ತರಗತಿಯಲ್ಲಿ ಶಾಸನಗಳ ಪಾಠ ನಡೆಯುತ್ತಿತ್ತು. ಬಿ. ಎಲ್. ರೈಸ್ ಅವರ ಎಪಿಗ್ರಾಫಿಯ ಕರ್ನಾಟಿಕದ 12ನೆಯ ಸಂಪುಟ, 1904ರಲ್ಲಿ ಪ್ರಕಟವಾದದ್ದು, ನಮ್ಮ ತುಮಕೂರು ಜಿಲ್ಲೆಯದು. ಅದು ನನ್ನ ಮೇಜಿನ ಮೇಲೆಯೇ ಇತ್ತು. ಚಾಲುಕ್ಯ, ಹೊಯ್ಸಳರ ಕಾಲದ ದಾನಶಾಸನಗಳನ್ನು ಓದಿದವರಿಗೆ ಒಂದು ಸಮಾಸದ ಪರಿಚಯ ಇದ್ದೇ ಇರುತ್ತದೆ: 'ಖಂಡಸ್ಫುಟಿತ ಜೀರ್ಣೋದ್ಧಾರ'. ತುಂಡಾದದ್ದು, ಬಿರುಕುಬಿಟ್ಟದ್ದು, ಹಳತಾದದ್ದು ಇವುಗಳನ್ನು ಸರಿಪಡಿಸುವುದು. ದೇವಾಲಯವನ್ನೋ ಬಸದಿಯನ್ನೋ ಕಟ್ಟಿಸಿದವನು ಅಂಗಭೋಗ ರಂಗಭೋಗಗಳಿಗೆ, ನೈವೇದ್ಯಕ್ಕೆ, ನಂದಾದೀವಿಗೆಗೆ ಭೂಮಿ ಬಿಡುವಾಗ ಇದಕ್ಕೂ ಸೇರಿಸಿ ಬಿಡುತ್ತಾನೆ. ಗದ್ದೆ ಎಷ್ಟು, ಬೆದ್ದಲೆ ಎಷ್ಟು, ಎಲ್ಲೆ ಯಾವುದು ಎಂದು ಕಲ್ಲಿನಲ್ಲಿ ಬರೆಸಿ, ಅಳಿದವರಿಗೆ ಶಾಪವನ್ನೂ ಹಾಕಿಸುತ್ತಾನೆ.

ಇಪ್ಪತ್ತು ವರ್ಷಗಳಿಂದ ಈ ಮಾತಿಗೆ ಅರ್ಥ ಹೇಳುತ್ತ ಬಂದಿದ್ದೇನೆ. ಆದರೆ ಅದರ ಹಿಂದಿನ ಧೈರ್ಯ ನನ್ನ ಮನಸ್ಸಿಗೆ ತಟ್ಟಿದ್ದು, ಯಂತ್ರ ಕೆಟ್ಟುಕುಳಿತ ಆ ವಾರದಲ್ಲಿಯೇ. ಕಲಶದ ಮೇಲಿನ ಹೊಳಪು ಇನ್ನೂ ಮಾಸಿಲ್ಲ. ಗೋಡೆಯಲ್ಲಿ ಒಂದು ಕೂದಲೆಳೆಯ ಬಿರುಕಿಲ್ಲ. ಆಗಲೇ ಕಟ್ಟಿಸಿದವನು, 'ಇದು ಬಿರಿಯುತ್ತದೆ, ಅದಕ್ಕೆ ಈ ಗದ್ದೆ' ಎಂದು ಬರೆಸುತ್ತಿದ್ದಾನೆ. ನಾವಾದರೋ ಯಂತ್ರವನ್ನು ಮನೆಗೆ ತಂದ ದಿನ ಕುಂಕುಮ ಹಚ್ಚಿ, ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿರುವ 'ಮೋಟಾರಿಗೆ 10 ವರ್ಷ' ಎಂಬ ವಾಕ್ಯವನ್ನು ಓದಿ ನಿಶ್ಚಿಂತರಾಗುತ್ತೇವೆ. ನಮ್ಮ ಯಂತ್ರದಲ್ಲಿ ಕೆಟ್ಟದ್ದು ಮೋಟಾರಲ್ಲ.

ಹಿಂದಿನವರು ಎಲ್ಲವನ್ನೂ ರಿಪೇರಿ ಮಾಡಿಯೇ ಉಳಿಸುತ್ತಿದ್ದರೆಂದು ಹೇಳಿದರೆ ಸುಳ್ಳಾಗುತ್ತದೆ. ಗರ್ಭಗುಡಿಯ ಮೂಲಮೂರ್ತಿ ಭಿನ್ನವಾದರೆ ಅದನ್ನು ಬೆಸೆದು ಪೂಜಿಸುವ ಪದ್ಧತಿಯಿಲ್ಲ. ನೀರಿಗೆ ಬಿಟ್ಟು ಹೊಸದನ್ನು ಪ್ರತಿಷ್ಠೆ ಮಾಡುತ್ತಾರೆ. ಗೋಡೆಗೆ ಜೀರ್ಣೋದ್ಧಾರ, ಮೂರ್ತಿಗೆ ವಿಸರ್ಜನೆ. ಯಾವುದು ಗೋಡೆ, ಯಾವುದು ಮೂರ್ತಿ ಎಂಬ ವಿವೇಕ ಇದ್ದರೆ ಅರ್ಧ ಜಗಳ ತೀರಿತು.

ಇದನ್ನೆಲ್ಲ ರಾತ್ರಿಯ ಊಟದ ಹೊತ್ತಿನಲ್ಲಿ ವಿವರಿಸಿದಾಗ ನನ್ನ ಪತ್ನಿ ಸಾವಧಾನವಾಗಿ ಕೇಳಿ, "ದೇವರು ಕಾಯ್ತಾನೆ. ಮಗಳ ಯೂನಿಫಾರಂ ಕಾಯೋದಿಲ್ಲ" ಎಂದಳು.

ಎಂಟನೆಯ ದಿನ ಬೆಳಿಗ್ಗೆ ನಾನು ಎದ್ದು ಬರುವಾಗ ಹಿತ್ತಿಲಲ್ಲಿ ಬ್ರಷ್ಷಿನ ಸದ್ದು. ಪತ್ನಿ ಅಡಿಗೆಮನೆಯಲ್ಲಿದ್ದಾಳೆ. ಹಾಗಾದರೆ ಒಗೆಯುತ್ತಿರುವವರು ಯಾರು? ಹೋಗಿ ನೋಡಿದರೆ ನನ್ನ ತಾಯಿ. 79 ವರ್ಷದವರು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹಿಂದೆ ಮುರಿದಿದ್ದ ಅದೇ ಕೈಯಲ್ಲಿ, ಅದೇ ಕಲ್ಲಿನ ಮೇಲೆ, ಮೊಮ್ಮಗಳ ಯೂನಿಫಾರಂ ಉಜ್ಜುತ್ತಿದ್ದಾರೆ. ಸುತ್ತಲೂ ಸಾಬೂನಿನ ನೀರು. "ಅವಳಿಗೆ ಹೊತ್ತಾಗ್ತದೆ ಕಣೋ, ಎರಡೇ ಬಟ್ಟೆ" ಎಂದರು. ನಾನು ಅವರ ತೋಳು ಹಿಡಿದುಕೊಂಡು ಒಳಗೆ ಕರೆತರುವಾಗ ನನ್ನ ಕಾಲೇ ಒಮ್ಮೆ ಜಾರಿತು.

ಆ ದಿನ ಪತ್ನಿ ಜಗಳವಾಡಲಿಲ್ಲ. "ಭಾನುವಾರದೊಳಗೆ ಒಂದು ಯಂತ್ರ ಈ ಮನೆಯಲ್ಲಿ ತಿರುಗಬೇಕು. ಹಳೇದೋ ಹೊಸದೋ, ನನಗೆ ಭೇದವಿಲ್ಲ" ಎಂದಷ್ಟೇ ಹೇಳಿದಳು. ಅದು ಗುರುವಾರ.

ಮೆಕ್ಯಾನಿಕ್ ಶುಕ್ರವಾರ ಬಂದರು. ಅರುವತ್ತರ ಹತ್ತಿರದ ವಯಸ್ಸು. ಹಿಂದಿನ ತಗಡನ್ನು ತೆಗೆದು ಬೆಲ್ಟಿನ ಚಕ್ರದ ಕೆಳಗಿಳಿದಿದ್ದ ತುಕ್ಕಿನ ಕಂದು ಗೆರೆಯನ್ನು ಬೆರಳಿನಿಂದ ತೋರಿಸಿದರು; ಸೀಲು ಸೋತುದಕ್ಕೆ ಅದೇ ಸಾಕ್ಷಿ. ನಮ್ಮ ಪುಣ್ಯಕ್ಕೆ ಟಬ್ಬು ಬೆಸೆದದ್ದಾಗಿರದೆ ಬೋಲ್ಟು ಬಿಗಿದದ್ದಾಗಿತ್ತು. "ಎಲೆಕ್ಟ್ರಾನಿಕ್ ಬೋರ್ಡು ಸುಟ್ಟಿದ್ದರೆ ನಾನೇ ಬೇಡ ಅಂತಿದ್ದೆ ಮೇಷ್ಟ್ರೇ. ಈ ಮಾಡೆಲ್‌ಗೆ ಹೊಸದು ಸಿಗೋಲ್ಲ, ಹಳೇದು ಹಾಕಿದರೆ ನಂಬೋ ಹಾಗಿಲ್ಲ" ಎಂದರು. ಗೋಡೆ ಮತ್ತು ಮೂರ್ತಿಯ ವ್ಯತ್ಯಾಸವನ್ನು ಅವರಿಗೆ ಯಾರೂ ಬೋಧಿಸಬೇಕಾಗಿರಲಿಲ್ಲ.

ಟಬ್ಬನ್ನು ಹೊರತೆಗೆಯುವ ಮೊದಲು ಅದರ ನೆತ್ತಿಯಿಂದ ಒಂದು, ಮುಂಭಾಗದಿಂದ ಒಂದು, ದೊಡ್ಡ ಕಾಂಕ್ರೀಟಿನ ದಿಮ್ಮಿಗಳನ್ನು ಬಿಚ್ಚಿ ನೆಲಕ್ಕಿಟ್ಟರು. ಡ್ರಮ್ಮು ವೇಗವಾಗಿ ತಿರುಗುವಾಗ ಯಂತ್ರ ಕುಣಿದು ಜಾಗ ಬಿಟ್ಟು ನಡೆಯದಂತೆ ಹಿಡಿದಿಡುವ ಭಾರ ಅವು. ಕುರ್ಚಿ ಹಾಕಿಕೊಂಡು ನೋಡುತ್ತಿದ್ದ ನನ್ನ ತಾಯಿ ಬೆರಗಾಗಿ, "ಇದರೊಳಗೂ ಕಲ್ಲೇ ಇತ್ತೇನೋ!" ಎಂದು ಬಹಳ ಹೊತ್ತು ನಕ್ಕರು.

ಪತ್ನಿಯ ಅನುಮಾನವೂ ಸುಳ್ಳಾಗಲಿಲ್ಲ. ಟಬ್ಬನ್ನು ಹೋಳು ಮಾಡಿದಾಗ ಡ್ರಮ್ಮಿನ ಬೆನ್ನಿನ ಚೌಕಟ್ಟಿನ ಒಂದು ತೋಳು ಗೆದ್ದಲು ತಿಂದಂತೆ ಪುಡಿಪುಡಿಯಾಗಿತ್ತು. ಡ್ರಮ್ಮು ಸ್ಟೇನ್‌ಲೆಸ್ ಉಕ್ಕಿನದು, ಚೌಕಟ್ಟು ಅಲ್ಯೂಮಿನಿಯಮ್ಮಿನದು. ಸಾಬೂನಿನ ಕ್ಷಾರ ಎರಡನೆಯದನ್ನು ಮಾತ್ರ ಮೆಲ್ಲಗೆ ತಿನ್ನುತ್ತದೆ. ಹಾಗೆಯೇ ಓಡಿಸಿದ್ದರೆ ಒಂದು ದಿನ ಆ ತೋಳು ಮುರಿದು ಟಬ್ಬನ್ನು ಸೀಳುತ್ತಿತ್ತಂತೆ. ಗುಜರಿಗೆ ಬಂದ ಅದೇ ಮಾದರಿಯ ಇನ್ನೊಂದು ಯಂತ್ರದಿಂದ ಗಟ್ಟಿಯಾದ ಚೌಕಟ್ಟನ್ನು ಅವರು ಹುಡುಕಿ ತಂದದ್ದು ಶನಿವಾರ ಸಂಜೆ. ಬೇರಿಂಗು ಎರಡು, ಸೀಲು ಒಂದು, ಚೌಕಟ್ಟು, ಕೂಲಿ ಎಲ್ಲ ಸೇರಿ 5,700 ರೂಪಾಯಿ ಆಯಿತು. ಪತ್ನಿ ಆ ಅಂಕೆಯನ್ನು ನನ್ನ ಹಳೆಯ ಲೆಕ್ಕದ ಕಾಗದದಲ್ಲಿ 4,000ದ ಪಕ್ಕಕ್ಕೆ ಬರೆದು, ಅದರ ಕೆಳಗೆ '11 ದಿನ' ಎಂದು ಬರೆದು ನನ್ನ ಕೈಗೆ ಕೊಟ್ಟಳು. ಮುಂದಿನ ಸಲ ಬೋರ್ಡು ಕೆಟ್ಟರೆ ಶಾಸನದ ಪ್ರಸ್ತಾಪವೇ ಇಲ್ಲದೆ ಹೊಸದು ಬರತಕ್ಕದ್ದು, ಹಳೆಯದನ್ನು ಗಾಡಿಯವನಿಗೆ ಕೊಡದೆ ನೋಂದಾಯಿತ ಇ-ತ್ಯಾಜ್ಯ ಸಂಗ್ರಹಕ್ಕೇ ಮುಟ್ಟಿಸತಕ್ಕದ್ದು ಎಂದು ಇಬ್ಬರೂ ಒಪ್ಪಿಕೊಂಡಿದ್ದೇವೆ.

ಈಗ ಯಂತ್ರ ಎಷ್ಟು ಮೌನವಾಗಿ ತಿರುಗುತ್ತದೆಯೆಂದರೆ, ನನ್ನ ತಾಯಿ ಎರಡೆರಡು ಸಲ ಹೋಗಿ, ನಿಂತುಹೋಯಿತೇನೋ ಎಂದು ಗಾಜಿನೊಳಗೆ ಇಣುಕಿ ಬರುತ್ತಾರೆ. ಪತ್ನಿಯ ಮನೆಖರ್ಚಿನ ಪುಸ್ತಕದಲ್ಲಿ ಹಾಲಿಗೂ ಪತ್ರಿಕೆಗೂ ನಡುವೆ ಒಂದು ಹೊಸ ಸಾಲು ಕಾಣಿಸಿಕೊಂಡಿದೆ: 'ಖಂ. ಜೀ., 300'. ಪ್ರತಿ ತಿಂಗಳೂ ಅಷ್ಟು ಹಣ ಅಡಿಗೆಮನೆಯ ಒಂದು ಡಬ್ಬಿಗೆ ಹೋಗುತ್ತದೆ. ಕಳೆದ ವಾರ ಅದರಿಂದ ಮೊದಲ ವೆಚ್ಚ ನಡೆಯಿತು: ಮಿಕ್ಸಿಯ ಜಾರಿಗೆ ಒಂದು ಕಪ್ಲರು, 80 ರೂಪಾಯಿ.