ಸದ್ದು ನಿಂತ ಮೇಲೆ ಚಕ್ಕುಲಿ

ಶ್ರಾವಣದಲ್ಲಿ ತುಂಗಭದ್ರೆ ಕೆಂಪು ನೀರು ತುಂಬಿಕೊಂಡು ಹರಿಯುವ ಹೊತ್ತಿಗೆ ಹರಿಹರದ ಹಳೆಯ ಓಣಿಗಳಲ್ಲಿ ಮಧ್ಯಾಹ್ನದ ಗಾಳಿಯ ವಾಸನೆಯೇ ಬೇರೆ. ಓಮ, ಇಂಗು, ಕಾದ ಎಣ್ಣೆ. ಯಾರ ಮನೆಯಲ್ಲಿ ಚಕ್ಕುಲಿ ಕರಿಯುತ್ತಿದ್ದಾರೆಂದು ಕೇಳಬೇಕಾಗಿಲ್ಲ, ಮೂಗೇ ಬಾಗಿಲು ತೋರಿಸುತ್ತದೆ. ಒಂದೇ ಮೂರ್ತಿಯಲ್ಲಿ ಹರಿಯನ್ನೂ ಹರನನ್ನೂ ಪೂಜಿಸುವ ಊರು ಇದು. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಗುಡಿ ಇಲ್ಲಿದೆ. ಚಕ್ಕುಲಿಯೂ ಇಬ್ಬರ ಮನೆಗೂ ಸಲ್ಲುವ ತಿಂಡಿ. ಗೋಕುಲಾಷ್ಟಮಿಗೆ ಕೃಷ್ಣನ ಮುಂದೆ, ಹತ್ತು ಹನ್ನೊಂದು ದಿನ ಕಳೆದರೆ ಗೌರಿ-ಗಣಪನ ಮುಂದೆ.

ಬಾಣಲೆ ಒಲೆಗೇರುವ ಎಷ್ಟೋ ಮೊದಲೇ ಕೆಲಸ ಶುರುವಾಗಿರುತ್ತದೆ. ಭದ್ರಾ ನಾಲೆಯ ನೀರುಂಡ ಗದ್ದೆಗಳ ಸೀಮೆಯಲ್ಲಿ ಅಕ್ಕಿಗೆ ಬರವಿಲ್ಲ. ಆದರೆ ಚಕ್ಕುಲಿಗೆ ಹಳೆಯ ಅಕ್ಕಿಯೇ ಆಗಬೇಕು. ಹೊಸದರ ಹಿಟ್ಟು ಅಂಟಂಟಾಗುತ್ತದೆ. ತೊಳೆದು ಸೋಸಿದ ಅಕ್ಕಿಯನ್ನು ನಡುಮನೆಯಲ್ಲಿ ಹಳೆಯ ಪಂಚೆಯ ಮೇಲೆ ಹರವುತ್ತಾರೆ. ಹೊರಗೆ ಜಿಟಿಜಿಟಿ ಮಳೆ, ಒಳಗೆ ಫ್ಯಾನಿನ ಗಾಳಿಯೇ ಗತಿ. ನಾಲ್ಕು ಪಾವು ಅಕ್ಕಿಗೆ ಒಂದು ಪಾವು ಉದ್ದಿನಬೇಳೆ. ಬೇಳೆಯನ್ನು ಸಣ್ಣ ಉರಿಯಲ್ಲಿ ಘಮ ಬರುವವರೆಗೆ ಹುರಿಯಬೇಕು, ಕೆಂಪಾಗಿಸಬಾರದು. ಆಮೇಲೆ ಗಿರಣಿ. ಅಲ್ಲಿ ಪ್ರತಿ ಹಬ್ಬಕ್ಕೂ ಕೇಳುವ ಮಾತೊಂದಿದೆ: “ಗೋಧಿ ಬೀಸಿದ ಮ್ಯಾಲೆ ನಮ್ದು ಹಾಕಬ್ಯಾಡಪ್ಪ, ಅಕ್ಕಿ ಬೀಸಿದ ಮ್ಯಾಲೆ ಹಾಕು.” ಹಿಂದಿನವರ ಗೋಧಿ ಹಿಟ್ಟು ಒಂದಿಷ್ಟು ಬೆರೆತರೂ ಚಕ್ಕುಲಿಯ ಗರಿಗರಿ ಕೆಡುತ್ತದೆಂಬುದು ಆ ಹೆಂಗಸರ ಅನುಭವ.

ದಾವಣಗೆರೆ ಕಡೆಯ ಬೆಣ್ಣೆಯೆಂದರೆ ಜನ ದೋಸೆಯನ್ನಷ್ಟೇ ನೆನೆಯುತ್ತಾರೆ. ಮನೆಯವರಿಗೆ ಅದು ಚಕ್ಕುಲಿ ಹಿಟ್ಟಿಗೂ ಬೇಕು. ಬೆಣ್ಣೆಯನ್ನು ಬಿಸಿಮಾಡಿ ಹಿಟ್ಟಿಗೆ ಸುರಿದು, ಎಳ್ಳು, ಓಮ, ಇಂಗು, ಖಾರದಪುಡಿ, ಉಪ್ಪು ಸೇರಿಸಿ ತಿಕ್ಕುತ್ತಾರೆ. ಹಿಡಿ ಹಿಟ್ಟನ್ನು ಅದುಮಿದರೆ ಉಂಡೆಯಾಗಿ ನಿಲ್ಲಬೇಕು, ಬೆರಳು ತಾಗಿಸಿದರೆ ಉದುರಬೇಕು. ಬೆಣ್ಣೆ ಹೆಚ್ಚಾದರೆ ಚಕ್ಕುಲಿ ಎಣ್ಣೆಯಲ್ಲೇ ಬಿಚ್ಚಿಕೊಳ್ಳುತ್ತದೆ; ಕಡಿಮೆಯಾದರೆ ಮನೆಯ ಹಿರಿಯರು ತಿನ್ನಲಾರರು. ಈ ಅಳತೆ ಯಾವ ಚಮಚದಲ್ಲೂ ಇಲ್ಲ, ಅಂಗೈಯಲ್ಲಿದೆ.

ಅಟ್ಟದಿಂದ ಇಳಿದ ಹಿತ್ತಾಳೆಯ ಒರಳಿಗೆ ನಕ್ಷತ್ರದ ತೂತಿನ ಬಿಲ್ಲೆ ಹಾಕಿ, ನೀರು ಹಾಕಿ ನಾದಿದ ಹಿಟ್ಟು ತುಂಬಿ, ಒದ್ದೆ ಬಟ್ಟೆಯ ಮೇಲೆ ಸುತ್ತು ಒತ್ತುತ್ತಾರೆ. ಮುಳ್ಳು ಮುಳ್ಳಾದ ಎಳೆ ಮೂರು ಸುತ್ತು ಬರುತ್ತದೆ. ಕೊನೆಯ ತುದಿಯನ್ನು ಬೆರಳಿನಿಂದ ಅಂಟಿಸುವುದು ಮಕ್ಕಳ ಪಾಲಿನ ಕೆಲಸ.

ಚಿಟಿಕೆ ಹಿಟ್ಟು ಹಾಕಿದೊಡನೆ ಮೇಲೆ ತೇಲಿದರೆ ಎಣ್ಣೆ ಹದಕ್ಕೆ ಬಂದಂತೆ. ಸುತ್ತುಗಳು ಇಳಿದೊಡನೆ ಬಾಣಲೆ ತುಂಬ ನೊರೆ, ಚರಚರ ಸದ್ದು. ಹಿಟ್ಟಿನೊಳಗಿನ ನೀರು ಆವಿಯಾಗಿ ಹೊರಬೀಳುವ ಸದ್ದು ಅದು. ಉರಿ ಜೋರು ಮಾಡಿದರೆ ಮೈ ಬೇಗ ಕೆಂಪಾಗಿ ಹೊಟ್ಟೆಯಲ್ಲಿ ಹಸಿ ಉಳಿಯುತ್ತದೆ, ಮರುದಿನಕ್ಕೆ ಮೆತ್ತಗಾಗುತ್ತದೆ. ಆದ್ದರಿಂದ ಮಧ್ಯಮ ಉರಿ, ಒಮ್ಮೆ ಮಗುಚಿ ಕಾಯುವುದು. ಗೋಡೆಗೊರಗಿ ಕುಳಿತ ಅಜ್ಜಿ ಬಾಣಲೆ ನೋಡುವುದೇ ಇಲ್ಲ. “ಇನ್ನೂ ಸದ್ದೈತೆ, ತೆಗೀಬ್ಯಾಡವ್ವ,” ಎನ್ನುತ್ತಾಳೆ ಸೊಸೆಗೆ. ನೊರೆ ತಗ್ಗುತ್ತದೆ, ಗುಳ್ಳೆ ವಿರಳವಾಗುತ್ತದೆ, ಸದ್ದು ಸಣ್ಣಗಾಗಿ ನಿಲ್ಲುತ್ತದೆ. ನೀರು ಪೂರ್ತಿ ಹೋಯಿತು. ಜಾಲರಿಯಲ್ಲಿ ಮೇಲೆದ್ದ ಚಕ್ಕುಲಿ ಹೊಂಬಣ್ಣದಲ್ಲಿ ಹೊಳೆಯುತ್ತದೆ. ಅಡುಗೆಮನೆಯಲ್ಲಿ ಕಿವಿಗೂ ವಿದ್ಯೆ ಬೇಕೆಂದು ನನಗೆ ಮನವರಿಕೆಯಾದದ್ದು ಇಂಥ ಅಜ್ಜಿಯರಿಂದ.

ಮೊದಲ ಚಕ್ಕುಲಿಗಳು ದೇವರಿಗೆ ಎತ್ತಿಟ್ಟದ್ದು, ಯಾರೂ ಮುಟ್ಟುವಂತಿಲ್ಲ. ನೈವೇದ್ಯ ಮುಗಿದ ಸಂಜೆ ಮುರಿದ ಚೂರುಗಳು ಒಗ್ಗರಣೆ ಮಂಡಕ್ಕಿಯ ಮೇಲೆ ಬೀಳುತ್ತವೆ. ಈ ಸೀಮೆಯಲ್ಲಿ ಮಂಡಕ್ಕಿ ಇಲ್ಲದೆ ಸಂಜೆಯಾಗುವುದಿಲ್ಲ. ಉಳಿದವು ಚೆನ್ನಾಗಿ ಆರಿದ ಮೇಲೆ ಸ್ಟೀಲ್ ಡಬ್ಬಿಗೆ. ಬಿಸಿಯಲ್ಲೇ ಮುಚ್ಚಿದರೆ ಅವುಗಳ ಹಬೆಯೇ ಅವನ್ನು ಕೆಡಿಸುತ್ತದೆ. ಮಳೆಗಾಲದ ತೇವಕ್ಕೆ ಮುಚ್ಚಳವಂತೂ ಬಿಗಿಯಾಗಿರಲೇಬೇಕು.

ಈಗ ಚಕ್ಕುಲಿ ಹಿಟ್ಟು ಪೊಟ್ಟಣದಲ್ಲೂ ಸಿಗುತ್ತದೆ. ದುಡಿದು ದಣಿದು ಬರುವ ಹೆಣ್ಣುಮಕ್ಕಳು ಅದನ್ನು ತಂದರೆ ತಪ್ಪೆನ್ನಲಾರೆ. ಆದರೂ ಮನೆಯ ಅಕ್ಕಿ ತೊಳೆದು, ಬೇಳೆ ಹುರಿದು ಬೀಸಿಸಿದ ಹಿಟ್ಟಿನ ಘಮ ಅದಕ್ಕಿಲ್ಲ. ಈ ಗೌರಿ ಹಬ್ಬಕ್ಕೆ ಒಮ್ಮೆಯಾದರೂ ಅಕ್ಕಿಯಿಂದಲೇ ಶುರುಮಾಡಿ. ಒರಳು ಒತ್ತಲು ಮನೆಯ ಗಂಡಸರನ್ನು ಕರೆಯಿರಿ; ತೋಳಿನ ಬಲ ಬೇಕಾಗುವುದು ಅಲ್ಲಿಯೇ, ಇಷ್ಟು ವರ್ಷ ಆ ನೋವನ್ನು ಹೆಂಗಸರೇ ಉಂಡಿದ್ದಾರೆ.